ಒಣ ಸೊಪ್ಪು ಕೆಟ್ಟಿದ್ದು ಎಲ್ಲಿ? ಡಬ್ಬದಿಂದ ಹಿಂದಕ್ಕೆ ಹುಡುಕುವ ಕೈಪಿಡಿ

ನುಗ್ಗೆ ಸೊಪ್ಪಿನ ಪುಡಿ ಎರಡೇ ತಿಂಗಳಿಗೆ ಒಣಹುಲ್ಲಿನ ವಾಸನೆ ಹೊಡೆಯುತ್ತಿದೆ. ಮೆಂತ್ಯ ಸೊಪ್ಪು ತುಂಬಿಡುವಾಗ ಗರಿಗರಿ ಇತ್ತು, ಈಗ ಮೆತ್ತಗಾಗಿದೆ. ಕರಿಬೇವು ಕಪ್ಪಾಗಿದೆ. ದಂಟಿನ ಸೊಪ್ಪು ಬಿಳಿಚಿಕೊಂಡಿದೆ. ಹೀಗಾದಾಗ ಹೆಚ್ಚಿನವರು ಡಬ್ಬವನ್ನೇ ಬೈಯುತ್ತಾರೆ. ಮುಚ್ಚಳ ಸರಿಯಿಲ್ಲ, ಪ್ಲಾಸ್ಟಿಕ್ ಒಳ್ಳೆಯದಲ್ಲ ಅಂತ. ಡಬ್ಬದ್ದೂ ಪಾಲು ಇರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಬಹಳಷ್ಟು ಸಲ ತಪ್ಪು ಆಗಿರುವುದು ಅದಕ್ಕೂ ಮೊದಲು. ಕೊಯ್ದ ದಿನ, ಹರವಿದ ದಿನ, ಇಲ್ಲವೇ ಡಬ್ಬಕ್ಕೆ ತುಂಬಿದ ಆ ಹೊತ್ತಿನಲ್ಲಿ. ಅದು ಕಣ್ಣಿಗೆ ಬೀಳುವುದು ಮಾತ್ರ ತಿಂಗಳುಗಳ ನಂತರ. ಅದಕ್ಕೇ ಇಲ್ಲಿ ಹಿಂದಕ್ಕೆ ಹುಡುಕುತ್ತಾ ಹೋಗೋಣ.

ನಮ್ಮಲ್ಲಿ ಸೊಪ್ಪು ಒಣಗಿಸುವುದು ಹೊಸದೇನಲ್ಲ. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಕಪ್ಪು ನೆಲದಲ್ಲಿ ಹಿಂಗಾರು ಕಡಲೆ ಬಿತ್ತಿ, ಗಿಡಕ್ಕೆ ತಿಂಗಳು ತುಂಬಿದ ಮೇಲೆ ಕುಡಿ ಚಿವುಟುತ್ತಾರೆ. ಚಿವುಟಿದರೆ ಗಿಡ ಕವಲೊಡೆಯುತ್ತದೆ, ಮನೆಗೆ ಪಲ್ಲೆಯೂ ಸಿಗುತ್ತದೆ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹಸಿಯಾಗಿ ತಿಂದು ಉಳಿದದ್ದನ್ನು ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳುತ್ತಾರೆ. ಆ ಕಡ್ಲಿ ಪಲ್ಲೆ ಅಷ್ಟು ಸುಲಭವಾಗಿ ಕೆಡುವುದಿಲ್ಲ. ಆ ತಿಂಗಳಲ್ಲಿ ಅಲ್ಲಿನ ಗಾಳಿ ಒಣಗಿರುತ್ತದೆ, ಎಲೆ ಸಣ್ಣದು, ಮೇಲಾಗಿ ಹುಳಿ. ಅದೇ ವಿಧಾನವನ್ನು ಜುಲೈ ತಿಂಗಳಲ್ಲಿ ಶಿರಸಿಯಲ್ಲೋ ಮಡಿಕೇರಿಯಲ್ಲೋ ದಂಟಿನ ಸೊಪ್ಪಿನ ಮೇಲೆ ಮಾಡಿದರೆ ಕೈಕೊಡುತ್ತದೆ. ಆದ್ದರಿಂದ ದೋಷ ಹುಡುಕುವಾಗ ಮೊದಲ ಪ್ರಶ್ನೆ: ಯಾವ ಸೊಪ್ಪು, ಯಾವ ತಿಂಗಳು, ಯಾವ ಊರು?

ಯಾವುದನ್ನು ದೋಷ ಎನ್ನಬೇಕು

ಒಣಗಿಸಿದಾಗ ಕೆಲವು ಸತ್ವ ಹೋಗೇ ಹೋಗುತ್ತವೆ. ಅದನ್ನು ಒಪ್ಪಿಕೊಂಡರೆ ಮುಂದಿನ ಹುಡುಕಾಟ ಸುಲಭ.

ಕಬ್ಬಿಣ, ಕ್ಯಾಲ್ಸಿಯಂ, ನಾರು, ಪ್ರೋಟೀನ್ ಬಹುಪಾಲು ಉಳಿಯುತ್ತವೆ. ನೀರು ಹೋಗಿರುವುದರಿಂದ ಗ್ರಾಂ ಲೆಕ್ಕದಲ್ಲಿ ಇನ್ನೂ ದಟ್ಟವಾಗುತ್ತವೆ. ಖನಿಜಗಳು ಕಳೆಯುವುದು ಕುದಿಸಿದ ಅಥವಾ ನೆನೆಸಿದ ನೀರನ್ನು ಚೆಲ್ಲಿದಾಗ. ವಿಟಮಿನ್ ಸಿ ಇದಕ್ಕೆ ತದ್ವಿರುದ್ಧ. ಶಾಖ, ಗಾಳಿ, ನೀರು ಯಾವುದನ್ನೂ ಅದು ತಾಳುವುದಿಲ್ಲ. 100 ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ 100 ಮಿಲಿಗ್ರಾಂಗಿಂತ ಜಾಸ್ತಿ ವಿಟಮಿನ್ ಸಿ ಇರುತ್ತದೆ. ಕಿತ್ತಳೆಗಿಂತ ಎಷ್ಟೋ ಪಟ್ಟು ಜಾಸ್ತಿ ಎಂದು ಪುಡಿಯ ಪೊಟ್ಟಣಗಳ ಮೇಲೆ ಬರೆಯುತ್ತಾರಲ್ಲ, ಅದು ಹಸಿ ಎಲೆಯ ಮಾತು. ಪುಡಿಯಲ್ಲಿ ಅದರ ಬಹುಪಾಲು ಇರುವುದಿಲ್ಲ. ಪುಡಿ ತಿನ್ನುವವರು ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದೇ ಸರಿಯಾದ ದಾರಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದು ಬೇಕು.

ನಡುವೆ ಇರುವುದು ಬೀಟಾ ಕ್ಯಾರೊಟಿನ್. ನಮ್ಮ ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು ಇದೇ. ಚೆನ್ನಾಗಿ ಒಣಗಿಸಿದರೆ ಒಳ್ಳೆಯ ಪಾಲು ಉಳಿಯುತ್ತದೆ, ಕೆಟ್ಟದಾಗಿ ಒಣಗಿಸಿದರೆ ಹೇಳಹೆಸರಿಲ್ಲದೆ ಹೋಗುತ್ತದೆ. ಇದನ್ನು ಕಳೆಯುವವು ಬೆಳಕು ಮತ್ತು ಗಾಳಿಯ ಆಮ್ಲಜನಕ. ನನ್ನ ಮಟ್ಟಿಗೆ ಸೊಪ್ಪು ಒಣಗಿಸುವವರ ಕೈಗುಣ ಅಂದರೆ ಕ್ಯಾರೊಟಿನ್ ಉಳಿಸುವುದು ಮತ್ತು ಬೂಷ್ಟು ಬಾರದಂತೆ ನೋಡಿಕೊಳ್ಳುವುದು. ಕೆಳಗೆ ದೋಷ ಅಂದಾಗಲೆಲ್ಲ ಈ ಎರಡನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮೊದಲ ಪರೀಕ್ಷೆ ತಕ್ಕಡಿ

ಸೊಪ್ಪು ನಿಜವಾಗಿ ಒಣಗಿತ್ತಾ ಎಂಬ ಪ್ರಶ್ನೆಗೆ ಕೈಗಿಂತ ತಕ್ಕಡಿ ನಿಖರವಾಗಿ ಉತ್ತರ ಹೇಳುತ್ತದೆ. ಒಣ ಸೊಪ್ಪಿನಲ್ಲಿ ತೇವಾಂಶ 10%ಗಿಂತ ಕೆಳಗೆ ಇರಬೇಕು. 7ರಿಂದ 8% ಇದ್ದರೆ ಒಳ್ಳೆಯದು. ಇದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು.

ದಂಟಿನ ಸೊಪ್ಪು, ಮೆಂತ್ಯ ಸೊಪ್ಪಿನಲ್ಲಿ ಸುಮಾರು 86% ನೀರು. ಅಂದರೆ ಬಿಡಿಸಿದ ಒಂದು ಕೆ.ಜಿ. ಸೊಪ್ಪಿನಲ್ಲಿ ನೀರು ಬಿಟ್ಟು ಉಳಿಯುವ ಸತ್ವ 140 ಗ್ರಾಂ. ಅದಕ್ಕೆ 8% ತೇವ ಸೇರಿಸಿದರೆ 152 ಗ್ರಾಂ ಬರಬೇಕು. ನುಗ್ಗೆ ಸೊಪ್ಪಿನಲ್ಲಿ ನೀರು ಸುಮಾರು 75%, ಆದ್ದರಿಂದ ಒಂದು ಕೆ.ಜಿ. ಎಲೆಗೆ 270 ಗ್ರಾಂ. ಕಡಲೆ ಸೊಪ್ಪೂ ಹೆಚ್ಚುಕಡಿಮೆ ಅಷ್ಟೇ. ಕರಿಬೇವು ಸುಮಾರು 65% ನೀರಿನದು, 380 ಗ್ರಾಂ ಬರುತ್ತದೆ.

ಒಂದು ಕೆ.ಜಿ. ನುಗ್ಗೆ ಎಲೆ ಒಣಗಿಸಿ 310 ಗ್ರಾಂ ಸಿಕ್ಕಿತು ಅಂದುಕೊಳ್ಳಿ. ಬಹಳ ಸಿಕ್ಕಿತು ಎಂದು ಖುಷಿಪಡುವ ಹಾಗಿಲ್ಲ. ಆ ಹೆಚ್ಚುವರಿ 40 ಗ್ರಾಂ ನೀರೇ. ತೇವಾಂಶ 19% ಮುಟ್ಟಿದೆ, ಡಬ್ಬದಲ್ಲಿ ಬೂಷ್ಟು ಬರುವುದು ಖಚಿತ. ಹಸಿ ತೂಕವನ್ನು ತೊಳೆಯುವ ಮುಂಚೆ, ದಂಟು ಕಡ್ಡಿ ತೆಗೆದ ಮೇಲೆ ನೋಡಬೇಕು. ಎಲೆಗೆ ಅಂಟಿದ ನೀರು ಸೇರಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ಆದ್ದರಿಂದ ಹತ್ತಿಪ್ಪತ್ತು ಗ್ರಾಂ ಆಚೀಚೆ ಆದರೆ ಚಿಂತೆ ಬೇಡ. ಕುದಿಯುವ ನೀರಿನಲ್ಲಿ ಅದ್ದಿ ತೆಗೆದಿದ್ದರೆ ಒಂದಷ್ಟು ಸತ್ವ ನೀರಿಗೆ ಹೋಗಿ ತೂಕ ಇನ್ನೂ ಕಮ್ಮಿ ಬರಬಹುದು.

ದೋಷ: ಗರಿಗರಿ ಇದ್ದದ್ದು ಮೆತ್ತಗಾಗಿದೆ, ಪುಡಿ ಉಂಡೆ ಕಟ್ಟಿದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು. ಕಾರಣಗಳು ನಾಲ್ಕೈದು ಇರಬಹುದು, ಒಂದೊಂದಕ್ಕೂ ಅದರದೇ ಗುರುತು ಇದೆ.

ತುಂಬಿದ ಎರಡು ಮೂರು ದಿನದಲ್ಲೇ ಮೆತ್ತಗಾಗಿದ್ದರೆ ನೀರು ಹೊರಗಿನಿಂದ ಬಂದದ್ದಲ್ಲ, ಒಳಗೇ ಇತ್ತು. ಎಲೆ ಬೇಗ ಒಣಗುತ್ತದೆ, ತೊಟ್ಟು ತಡವಾಗಿ ಒಣಗುತ್ತದೆ. ಎಲೆ ಹಿಸುಕಿದರೆ ಪುಡಿಯಾಗುತ್ತದೆ, ಸರಿ, ಆಯ್ತು ಅಂತ ತುಂಬಿಬಿಡುತ್ತೇವೆ. ತೊಟ್ಟಿನೊಳಗಿನ ತೇವ ಮೆಲ್ಲಗೆ ಎಲೆಗೆ ಹರಡುತ್ತದೆ. ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ಎಲೆಯನ್ನಲ್ಲ, ತೊಟ್ಟನ್ನು. ರಾಶಿಯಲ್ಲಿ ಅತ್ಯಂತ ದಪ್ಪ ತೊಟ್ಟು ಹುಡುಕಿ, ಉಗುರಿನಿಂದ ಮಧ್ಯಕ್ಕೆ ಬಗ್ಗಿಸಿ. ಚಟ್ ಎಂದು ಮುರಿದರೆ ಒಣಗಿದೆ. ಬಾಗಿ ನಾರು ಎಳೆದುಕೊಂಡರೆ ಇನ್ನೂ ಹಸಿ. ಮುರಿದ ತುದಿಯಲ್ಲಿ ನಡುಭಾಗ ಹೊರಭಾಗಕ್ಕಿಂತ ದಟ್ಟ ಹಸಿರಾಗಿ ಕಂಡರೂ ಹಸಿಯೇ. ಮೆಂತ್ಯ, ದಂಟು, ಪುಂಡಿ ಸೊಪ್ಪುಗಳಿಗೆ ಇದು ಬಹಳ ಮುಖ್ಯ. ತೊಟ್ಟು ತೆಗೆದು ಬೇರೆಯಾಗಿ ಒಣಗಿಸುವುದೇ ನೆಮ್ಮದಿ.

ತುಂಬಿದ ಮಾರನೇ ದಿನ ಬೆಳಿಗ್ಗೆ ಬಾಟಲಿಯ ಒಳಗೋಡೆಯಲ್ಲಿ ಮಂಜು ಕಂಡರೆ, ಬಿಸಿ ಇರುವಾಗಲೇ ತುಂಬಿದ್ದೀರಿ ಅಥವಾ ಸೊಪ್ಪು ಹಸಿಯಾಗಿದೆ. ಹೊರಗೆ ತೆಗೆದು ಮತ್ತೆ ಒಣಗಿಸಿ. ಮುಂದಿನ ಸಲ ಸೊಪ್ಪು ಆರಿದ ತಕ್ಷಣ ತುಂಬಿ. ಆರಲು ಬಿಟ್ಟು ಮರೆತರೂ ಕಷ್ಟ. ಒಣ ಎಲೆ ಗಾಳಿಯ ತೇವವನ್ನು ಹಪ್ಪಳದ ಹಾಗೆ ಎಳೆದುಕೊಳ್ಳುತ್ತದೆ.

ತುಂಬಿದ ಹೊತ್ತು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ದಿನದಲ್ಲಿ ಗಾಳಿ ಅತಿ ಒಣಗಿರುವುದು ಮಧ್ಯಾಹ್ನ ಎರಡರಿಂದ ನಾಲ್ಕರ ಸುಮಾರಿಗೆ. ಸಂಜೆ ಕಳೆದಂತೆ ತೇವ ಏರುತ್ತದೆ, ಬೆಳಗಿನ ಜಾವ ಅತಿ ಹೆಚ್ಚು. ಮೂರು ಗಂಟೆಗೆ ಗರಿಗರಿ ಇದ್ದ ಸೊಪ್ಪನ್ನು ಮಾರನೇ ಬೆಳಿಗ್ಗೆ ತುಂಬಿಸೋಣ ಎಂದು ಟೆರೇಸಿನಲ್ಲೇ ಬಿಟ್ಟರೆ ರಾತ್ರಿಯ ಇಬ್ಬನಿಯನ್ನೂ ಸೇರಿಸಿ ತುಂಬಿದ ಹಾಗಾಗುತ್ತದೆ. ಒಣಗಿಸುವ ದಿನಗಳಲ್ಲೂ ಅಷ್ಟೇ. ಸಂಜೆ ಐದಕ್ಕೆ ಒಳಗೆ ತಂದು ಬಟ್ಟೆ ಮುಚ್ಚಿಡಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ಮತ್ತೆ ಹರವಿ.

ಒಂದೆರಡು ತಿಂಗಳು ಚೆನ್ನಾಗಿದ್ದು ಆಮೇಲೆ ಮೆತ್ತಗಾದರೆ, ಆಗ ಡಬ್ಬವನ್ನು ಅನುಮಾನಿಸಿ. ತೆಳು ಪಾಲಿಥಿನ್ ಕವರಿಗೆ ಗಂಟು ಹಾಕಿದರೆ ಗಾಳಿಯಾಡದು ಎಂಬ ನಂಬಿಕೆ ಇದೆ. ಗಂಟಿನ ಸಂದಿಯಿಂದ ತೇವ ಒಳಗೆ ಹೋಗುತ್ತದೆ, ಪ್ಲಾಸ್ಟಿಕ್ಕಿನ ಮೂಲಕವೂ ಆಮ್ಲಜನಕ ಹಾದುಹೋಗುತ್ತದೆ. ರಬ್ಬರ್ ವಾಷರ್ ಇರುವ ಗಾಜಿನ ಬಾಟಲಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಇಲ್ಲವೇ ಅಲ್ಯೂಮಿನಿಯಂ ಪದರ ಇರುವ ಪೌಚ್ ಒಳ್ಳೆಯವು. ದೊಡ್ಡ ಡಬ್ಬವೊಂದನ್ನು ದಿನಾ ತೆರೆಯುವುದಕ್ಕಿಂತ ಚಿಕ್ಕ ಬಾಟಲಿಗಳಲ್ಲಿ ಹಂಚಿಡಿ. ಒಂದು ತೆರೆದಾಗ ಉಳಿದವು ಹಾಗೇ ಇರುತ್ತವೆ. ಕುದಿಯುವ ಸಾರಿನ ಮೇಲೆ ಬಾಟಲಿ ಬಗ್ಗಿಸಿ ಉದುರಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಹಬೆ ನೇರವಾಗಿ ಒಳಗೆ ಹೋಗುತ್ತದೆ. ಒಣ ಚಮಚದಲ್ಲಿ ಬೇಕಾದಷ್ಟು ತೆಗೆದು, ಮುಚ್ಚಿ, ಆಮೇಲೆ ಒಲೆಯ ಹತ್ತಿರ ಹೋಗಿ.

ಇಲ್ಲಿ ಉಪ್ಪಿನ ಪರೀಕ್ಷೆಯ ಬಗ್ಗೆ ಒಂದು ಮಾತು. ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿದ ಎರಡು ಚಮಚ ಪುಡಿ ಉಪ್ಪನ್ನು ಒಣ ಗಾಜಿನ ಬಾಟಲಿಗೆ ಹಾಕಿ. ಕಾಲು ಬಾಟಲಿಯಷ್ಟು ಒಣ ಸೊಪ್ಪು ಹಾಕಿ ಮುಚ್ಚಿ, ಒಂದೆರಡು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಸೊಪ್ಪು ಹಸಿ. ಇದು ಹಳೆಯ, ಉಪಯುಕ್ತ ಪರೀಕ್ಷೆ. ಆದರೆ ಒಂದು ಮಿತಿ ಇದೆ. ಉಪ್ಪು ನೀರು ಹಿಡಿಯುವುದು ಸುತ್ತಲಿನ ಗಾಳಿಯ ತೇವ ಸುಮಾರು 75% ದಾಟಿದ ಮೇಲೆ. ಬೂಷ್ಟು ಅದಕ್ಕಿಂತ ಕೆಳಗೇ, 65-70%ಕ್ಕೇ ಶುರುವಾಗಬಹುದು. ಹಾಗಾಗಿ ಉಪ್ಪು ಅಂಟಿದರೆ ಖಂಡಿತ ಹಸಿ. ಅಂಟದಿದ್ದರೆ ಅಷ್ಟರಿಂದಲೇ ಒಣಗಿದೆ ಎಂದು ತೀರ್ಮಾನಿಸಬೇಡಿ. ಜಾಸ್ತಿ ಪ್ರಮಾಣದಲ್ಲಿ ಮಾಡುವವರು ಗಾಳಿಯ ತೇವ ತೋರಿಸುವ ಚಿಕ್ಕ ಡಿಜಿಟಲ್ ತೇವಮಾಪಕ ಒಂದನ್ನು ಕೊಳ್ಳುವುದು ಒಳ್ಳೆಯದು. ಸೊಪ್ಪಿನ ಜೊತೆ ಅದನ್ನೂ ಬಾಟಲಿಯಲ್ಲಿ ಮುಚ್ಚಿ ಒಂದು ದಿನ ಬಿಟ್ಟು ನೋಡಿ. 55%ಗಿಂತ ಕೆಳಗೆ ತೋರಿಸಿದರೆ ನಿಶ್ಚಿಂತೆ. 60 ದಾಟಿದ್ದರೆ ಅವತ್ತೇ ಮತ್ತೆ ಒಣಗಿಸಿ.

ದೋಷ: ಬಣ್ಣ ಹೋಗಿದೆ

ಬಣ್ಣ ಹೋಗಿದೆ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತಪ್ಪುಗಳಿರುತ್ತವೆ. ಯಾವ ಬಣ್ಣಕ್ಕೆ ತಿರುಗಿದೆ ಎಂದು ಹಗಲಿನ ಬೆಳಕಿನಲ್ಲಿ ಸರಿಯಾಗಿ ನೋಡಿ.

ಬಿಳಿಚಿದ, ಹುಲ್ಲಿನ ಬಣ್ಣ. ಇದು ಬಿಸಿಲಿನ ಕೆಲಸ. ಬಿಸಿಲು ಹಸಿರನ್ನೂ ತಿನ್ನುತ್ತದೆ, ಕ್ಯಾರೊಟಿನ್ನನ್ನೂ ತಿನ್ನುತ್ತದೆ. ರಾಶಿಯ ಮೇಲಿನ ಎಲೆ ಬಿಳಿಚಿ, ಅಡಿಯ ಎಲೆ ಹಸಿರಾಗೇ ಇದ್ದರೆ ಅನುಮಾನವೇ ಬೇಡ. ಒಣಗಿಸುವಾಗ ಹಸಿರಿದ್ದು ಆಮೇಲೆ ಬಾಟಲಿಯಲ್ಲಿ ಬಿಳಿಚಿದ್ದರೆ, ಬಾಟಲಿ ಕಿಟಕಿಯ ಬಳಿಯೋ ತೆರೆದ ಕಪಾಟಿನಲ್ಲೋ ಇತ್ತು. ಗಾಜಿಗೆ ಕಂದು ಕಾಗದ ಸುತ್ತಿ, ಇಲ್ಲವೇ ಕತ್ತಲೆ ಕಪಾಟಿನಲ್ಲಿಡಿ. ಬಣ್ಣದ ದೋಷಗಳಲ್ಲಿ ಪೌಷ್ಟಿಕಾಂಶಕ್ಕೆ ಅತಿ ಹೆಚ್ಚು ಪೆಟ್ಟು ಕೊಡುವುದು ಇದೇ.

ಹಳದಿ. ಇದು ಒಣಗುವ ಮುಂಚಿನ ತಪ್ಪು. ಕೊಯ್ದ ಸೊಪ್ಪು ಸತ್ತಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಚೀಲಕ್ಕೆ ತುರುಕಿ ಇಟ್ಟರೆ ನಡುವೆ ಕೈ ಹಾಕಿದಾಗ ಬಿಸಿ ಗೊತ್ತಾಗುತ್ತದೆ. ಒಳಗೊಳಗೇ ಹಣ್ಣಾಗಿ ಹಳದಿಯಾಗುತ್ತದೆ. ನುಗ್ಗೆ ಸೊಪ್ಪಿನಲ್ಲಿ ಇದು ಹೆಚ್ಚು, ಅದಕ್ಕೆ ಕಾರಣವೂ ಇದೆ. ಎಲೆ ಬಿಡಿಸುವ ಕಷ್ಟ ತಪ್ಪಲಿ ಎಂದು ಕೊಂಬೆಗಳನ್ನು ಬಟ್ಟೆಯಲ್ಲೋ ಪೇಪರಿನಲ್ಲೋ ಸುತ್ತಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ಕೊಡವಿದರೆ ಎಲೆಗಳು ತಾವಾಗಿ ಉದುರುತ್ತವೆ. ಅನುಕೂಲವೇನೋ ಹೌದು. ಸಾರಿಗೋ ಪಲ್ಯಕ್ಕೋ ಅವತ್ತೇ ಹಾಕುವುದಾದರೆ ನನ್ನ ತಕರಾರಿಲ್ಲ. ಆದರೆ ಎಲೆ ತಾನಾಗಿ ಉದುರುವುದು ಮುದಿಯಾಗುವ ಲಕ್ಷಣ. ಆ ರಾತ್ರಿ ಅದು ತನ್ನ ಸತ್ವವನ್ನೇ ಖರ್ಚು ಮಾಡಿಕೊಂಡಿರುತ್ತದೆ. ಒಣಗಿಸಿ ತಿಂಗಳುಗಟ್ಟಲೆ ಇಡುವ ಸೊಪ್ಪಿಗೆ ಈ ಉಪಾಯ ಬೇಡ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದು, ಕೈಯಲ್ಲೇ ಬಿಡಿಸಿ, ಅವತ್ತೇ ಹರವಿ.

ಕಂದು, ಕಪ್ಪು ಕಲೆಗಳು. ಎಲೆ ಜಜ್ಜಿದ ಕಡೆ, ಮಡಚಿದ ಕಡೆ, ತುದಿಯಲ್ಲಿ ಕಪ್ಪಾಗಿದ್ದರೆ ಎಂಜೈಮುಗಳ, ಅಂದರೆ ಎಲೆಯೊಳಗೇ ಇದ್ದು ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನುಗಳ, ಕೆಲಸ. ಎಲೆ ಗಾಯವಾದಾಗ ಅವು ಹೊರಬಂದು ಗಾಳಿಯ ಜೊತೆ ಸೇರಿ ಕಪ್ಪಾಗಿಸುತ್ತವೆ. ಹೆಚ್ಚಿದ ಬದನೆಕಾಯಿಯಲ್ಲಿ ನಡೆಯುವುದೂ ಇದೇ ಕ್ರಿಯೆ. ದಪ್ಪಗೆ ಹರವಿ ನಿಧಾನವಾಗಿ ಒಣಗಿಸಿದರೆ ಇವಕ್ಕೆ ಸಮಯ ಸಿಗುತ್ತದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಕೆ.ಜಿ. ಹಸಿ ಎಲೆ ಮೀರಬಾರದು. ನೆಲದ ಮೇಲೆ ಚಾಪೆ ಹಾಸುವುದಕ್ಕಿಂತ ನವಾರದ ಮಂಚದ ಮೇಲೆ ತೆಳು ಬಟ್ಟೆಯೋ ಸೊಳ್ಳೆ ಪರದೆಯೋ ಹಾಸಿ ಹರವಿ. ಕೆಳಗಿನಿಂದಲೂ ಗಾಳಿ ಆಡುತ್ತದೆ. ತರಕಾರಿ ಚಾಕುವಿನಿಂದ ಕೊಚ್ಚಿ ಒಣಗಿಸುವುದು ಬೇಡ, ಇಡಿ ಎಲೆಯೇ ಒಣಗಲಿ.

ಮಂಕು ಹಸಿರು, ಹೊಗೆಸೊಪ್ಪಿನ ಬಣ್ಣ. ಎಲೆ ಪೂರ್ತಿ ಒಂದೇ ಸಮ ಮಂಕಾಗಿದ್ದರೆ ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್ಲಿನ ಮೆಗ್ನೀಸಿಯಂ ಕಳಚಿಕೊಂಡಿದೆ. ಹುಳಿ ಮತ್ತು ಶಾಖ ಸೇರಿದಾಗ ಹೀಗಾಗುತ್ತದೆ. ಒಣಗಿಸುವ ಯಂತ್ರದಲ್ಲಿ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತಾ ನೋಡಿ. 50ರಿಂದ 55 ಸಾಕು. ಪುಂಡಿ ಪಲ್ಲೆ, ಕಡ್ಲಿ ಪಲ್ಲೆಯಂಥ ಹುಳಿ ಸೊಪ್ಪುಗಳಾದರೆ ಇದನ್ನು ದೋಷ ಎಂದು ಬರೆದುಕೊಳ್ಳಲೇಬೇಡಿ. ಪುಂಡಿ ಬಿಸಿ ನೀರಿಗೆ ಬಿದ್ದ ಕೂಡಲೇ ಬಣ್ಣ ಬದಲಿಸುತ್ತದೆ. ಅದರ ಸ್ವಭಾವವೇ ಅದು. ಬಣ್ಣ ಮಂಕಾದ ಮಾತ್ರಕ್ಕೆ ಕ್ಯಾರೊಟಿನ್ ಅಷ್ಟೇ ಹೋಗಿದೆ ಎಂದಲ್ಲ.

ಇದಕ್ಕೆ ವಿರುದ್ಧವಾಗಿ, ಕಣ್ಣು ಕುಕ್ಕುವ ಹಸಿರು ಕೂಡ ಒಳ್ಳೆಯ ಗುರುತಲ್ಲ. ಬಿಸಿ ನೀರಿಗೆ ಅಡುಗೆ ಸೋಡ ಹಾಕಿದರೆ ಹಸಿರು ನಿಲ್ಲುತ್ತದೆ, ಆದರೆ ವಿಟಮಿನ್ ಸಿ, ಬಿ1 ಹಾಳಾಗುತ್ತವೆ. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಕುದಿಸಿದರೂ ಹಸಿರು ನಿಲ್ಲುತ್ತದೆ, ಏಕೆಂದರೆ ತಾಮ್ರವೇ ಎಲೆಗೆ ಸೇರಿರುತ್ತದೆ. ಎರಡೂ ಬೇಡ.

ನೆರಳೋ ಬಿಸಿಲೋ

ನೆರಳಲ್ಲಿ ಒಣಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಕ್ಯಾರೊಟಿನ್ ಉಳಿಯುವುದು ನೆರಳಲ್ಲೇ, ಸರಿ. ಆದರೆ ಆ ಸಲಹೆಗೆ ಗಾಳಿ ಒಣಗಿರಬೇಕು ಎಂಬ ಷರತ್ತು ಇದೆ, ಅದನ್ನು ಯಾರೂ ಹೇಳುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಯಲುಸೀಮೆಯಲ್ಲಿ ನೆರಳಿಗೆ ಸಮ ಇನ್ನೊಂದಿಲ್ಲ. ನುಗ್ಗೆ ಎಲೆ ಮೂರು ನಾಲ್ಕು ದಿನದಲ್ಲಿ ಚೆನ್ನಾಗಿ ಒಣಗುತ್ತದೆ. ಅದೇ ನೆರಳು ಕರಾವಳಿಯ ಮಳೆಗಾಲದಲ್ಲಿ ಸೊಪ್ಪನ್ನು ಒಣಗಿಸುವುದಿಲ್ಲ, ಕೊಳೆಸುತ್ತದೆ. ಐದಾರು ದಿನ ಅರೆಹಸಿಯಾಗಿ ಬಿದ್ದಿರುವ ಎಲೆಯಲ್ಲಿ ಎಂಜೈಮುಗಳು ಬಿಸಿಲಿಗಿಂತ ಜಾಸ್ತಿ ಹಾನಿ ಮಾಡುತ್ತವೆ. ಅದಕ್ಕಿಂತ ಒಂದೇ ದಿನದ ಬಿಸಿಲು ವಾಸಿ.

ಎರಡರ ನಡುವಿನ ದಾರಿ: ಶಾಖ ಬೇಕು, ಬೆಳಕು ಬೇಡ. ಬಿಸಿಲಿನಲ್ಲೇ ಮಂಚ ಇಟ್ಟು, ಎಲೆಯಿಂದ ಒಂದು ಗೇಣು ಮೇಲೆ ಕಪ್ಪು ಬಟ್ಟೆ ಕಟ್ಟಿ. ಎಲೆಯ ಮೇಲೇ ಹೊದಿಸಿದರೆ ತೇವ ಹೊರಹೋಗದು. ಬದಿಗಳಲ್ಲಿ ಗಾಳಿಗೆ ದಾರಿ ಇರಲಿ. ಸೋಲಾರ್ ಡ್ರೈಯರ್ ಕೊಳ್ಳುವವರೂ ಇದನ್ನೇ ನೋಡಬೇಕು. ಪಾರದರ್ಶಕ ಮುಚ್ಚಳದಡಿ ಎಲೆ ನೇರ ಬಿಸಿಲಿಗೆ ಬೀಳುವ ಮಾದರಿಗಿಂತ, ಗಾಳಿ ಒಂದು ಕಡೆ ಕಾದು ಇನ್ನೊಂದು ಕಡೆ ಎಲೆಯ ತಟ್ಟೆಗೆ ಹೋಗುವ ಮಾದರಿ ಸೊಪ್ಪಿಗೆ ಉತ್ತಮ. ಮಳೆ ಹಿಡಿದಾಗ ಕರೆಂಟಿನ ಡ್ರೈಯರ್ ಇಲ್ಲದಿದ್ದರೆ ಒಣಗಿಸುವ ಯೋಚನೆಯನ್ನೇ ಮುಂದೂಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತದೆ ನಿಜ, ಆದರೆ ಹೊಗೆಯೂ ಸೇರುತ್ತದೆ.

ದೋಷ: ಒಣಹುಲ್ಲಿನ ವಾಸನೆ, ಕಮಟು

ಎಲೆಯಲ್ಲಿ ಸ್ವಲ್ಪ ಕೊಬ್ಬು ಇರುತ್ತದೆ. ಬದುಕುಳಿದ ಎಂಜೈಮುಗಳು ಅದನ್ನು ಗಾಳಿಯ ಜೊತೆ ಕೆಡಿಸುತ್ತವೆ. ಕೊಬ್ಬು ಕೆಡುವಾಗ ಕ್ಯಾರೊಟಿನ್ ಕೂಡ ಜೊತೆಗೇ ಹೋಗುತ್ತದೆ. ಹಾಗಾಗಿ ಬಣ್ಣ ಚೆನ್ನಾಗಿದ್ದರೂ ವಾಸನೆ ಕೆಟ್ಟಿದ್ದರೆ ಸೊಪ್ಪು ಸತ್ವ ಕಳೆದುಕೊಂಡಿದೆ ಎಂದೇ ತಿಳಿಯಿರಿ.

ಇದಕ್ಕೆ ಮದ್ದು ಒಣಗಿಸುವ ಮುಂಚಿನ ಹಬೆ, ಅದರ ಶಾಖಕ್ಕೆ ಎಂಜೈಮುಗಳ ಕೆಲಸ ನಿಲ್ಲುತ್ತದೆ. ಇಡ್ಲಿ ಪಾತ್ರೆ ಸಾಕು. ನೀರು ಚೆನ್ನಾಗಿ ಕುದಿ ಬಂದ ಮೇಲೆ ತಟ್ಟೆಯಲ್ಲಿ ತೆಳುವಾಗಿ ಎಲೆ ಹರವಿ ಒಂದೂವರೆ ಎರಡು ನಿಮಿಷ ಹಬೆ ಕೊಡಿ. ಎಲೆ ಬಾಡಿ, ಹಸಿರು ಇನ್ನಷ್ಟು ಹೊಳೆಯುವ ಕ್ಷಣ ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಕೂಡಲೇ ಹೊರತೆಗೆದು ಫ್ಯಾನ್ ಕೆಳಗೆ ಹರವಿ ಆರಿಸಿ. ಕುದಿಯುವ ನೀರಿಗೆ ಹಾಕುವುದಕ್ಕಿಂತ ಹಬೆ ಒಳ್ಳೆಯದು, ನೀರಿನಲ್ಲಿ ಕರಗುವ ಸತ್ವ ಅಷ್ಟಾಗಿ ಹೋಗುವುದಿಲ್ಲ. ದಂಟು, ಪಾಲಕ್‌ನಂಥ ಆಕ್ಸಲೇಟ್ (ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುವ ವಸ್ತು) ಜಾಸ್ತಿ ಇರುವ ಸೊಪ್ಪನ್ನು ಮಾತ್ರ ನೀರಲ್ಲಿ ಅದ್ದಿ ತೆಗೆಯುವುದರಲ್ಲಿ ಒಂದು ಲಾಭವಿದೆ. ಆಕ್ಸಲೇಟಿನ ಒಂದು ಪಾಲು ನೀರಿಗೆ ಹೋಗುತ್ತದೆ.

ಹಬೆ ಕೊಟ್ಟ ಸೊಪ್ಪು ಒಣಗಿದಾಗ ಗಟ್ಟಿ ಹಾಳೆಯಂತೆ ಅಂಟಿಕೊಂಡಿದೆಯಾ? ಹಬೆ ಜಾಸ್ತಿಯಾಗಿದೆ, ಅಥವಾ ಎಲೆಗಳನ್ನು ಬಿಡಿಬಿಡಿಯಾಗಿ ಹರವಿಲ್ಲ. ಅಂಥ ಹಾಳೆಯ ನಡುವೆ ಹಸಿ ಉಳಿದಿರುತ್ತದೆ, ಮುರಿದು ನೋಡಿ. ಕರಿಬೇವಿಗೆ ಹಬೆ ಕೊಟ್ಟರೆ ಪರಿಮಳ ಕಮ್ಮಿಯಾಗುತ್ತದೆ. ಕರಿಬೇವನ್ನು ನಾನು ಹಬೆಗೆ ಹಾಕುವುದಿಲ್ಲ, ತೆಳುವಾಗಿ ಹರವಿ ಬೇಗ ಒಣಗಿಸುತ್ತೇನೆ.

ಹಬೆ ಕೊಟ್ಟರೂ ವಾಸನೆ ಬಂದರೆ ಪುಡಿ ಮಾಡಿಟ್ಟಿದ್ದಿರಾ ನೋಡಿ. ಪುಡಿಯ ಕಣಕಣಕ್ಕೂ ಗಾಳಿ ತಾಗುತ್ತದೆ. ಇಡಿ ಎಲೆ ಇನ್ನೂ ಚೆನ್ನಾಗಿರುವಾಗಲೇ ಪುಡಿ ಕೆಟ್ಟಿರುತ್ತದೆ. ಒಣ ಎಲೆಯಾಗಿಯೇ ಇಟ್ಟು, ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿ. ಮಿಕ್ಸಿ ಬಿಸಿಯಾಗುವಷ್ಟು ಓಡಿಸಬೇಡಿ. ಚೆನ್ನಾಗಿ ಒಣಗಿದ ನುಗ್ಗೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಜರಡಿ ಹಿಡಿದರೂ ಸಾಕಲ್ವಾ. ಎಷ್ಟೇ ಚೆನ್ನಾಗಿ ಇಟ್ಟರೂ ಆರು ತಿಂಗಳ ಆಚೆಗೆ ನಾನು ಸೊಪ್ಪನ್ನು ಸತ್ವದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಬ್ಬದ ಮೇಲೆ ಒಣಗಿಸಿದ ತಾರೀಕು ಬರೆದಿಡಿ.

ದೋಷ: ಬೂಷ್ಟು, ಹುಳ, ಮರಳು

ಬೂಷ್ಟು ಕಂಡರೆ ಇಡೀ ಡಬ್ಬ ಬಿಸಾಡಿ. ಮೇಲಿನದ್ದು ತೆಗೆದು ಉಳಿದದ್ದನ್ನು ಬಿಸಿಲಿಗೆ ಹಾಕುವುದು ಬೇಡ. ಕೆಲವು ಬೂಷ್ಟುಗಳ ವಿಷ ಬಿಸಿಲಿಗೂ ಹೋಗದು, ಅಡುಗೆಯ ಶಾಖಕ್ಕೂ ಹೋಗದು. ದನಕ್ಕೂ ಹಾಕಬೇಡಿ. ಬೂಷ್ಟು ಕಾಣದೆ ಬರೀ ಮುಗ್ಗಲು ವಾಸನೆ ಇದ್ದರೂ ಅದೇ ತೀರ್ಪು. ಮೆತ್ತಗಾಗಿದೆ, ವಾಸನೆ ಮಾತ್ರ ಚೆನ್ನಾಗಿದೆ ಅಂದರೆ ಅದನ್ನು 50 ಡಿಗ್ರಿಯಲ್ಲಿ ಮತ್ತೆ ಒಣಗಿಸಿ ಮೊದಲು ಮುಗಿಸಿ.

ಸಣ್ಣ ಕಂದು ದುಂಬಿ, ಎಲೆಯಲ್ಲಿ ಗುಂಡು ತೂತು ಕಂಡರೆ ಮೊಟ್ಟೆ ಹೊರಗಿನಿಂದ ಬಂದಿದೆ, ಬಹುಶಃ ಪಕ್ಕದ ಧನಿಯ, ಮೆಣಸಿನಕಾಯಿ ಡಬ್ಬದಿಂದ. ಒಣಗಿದ ಸೊಪ್ಪನ್ನು ಗಾಳಿಯಾಡದ ಕವರಿನಲ್ಲಿ ಫ್ರೀಜರಿನಲ್ಲಿ ಒಂದು ವಾರ ಇಟ್ಟು, ಹೊರತೆಗೆದ ಮೇಲೆ ಕವರು ಪೂರ್ತಿ ಕೋಣೆಯ ಬಿಸಿಗೆ ಬಂದ ನಂತರವೇ ತೆರೆಯಿರಿ. ತಣ್ಣಗಿರುವಾಗ ತೆರೆದರೆ ನೀರು ಕೂರುತ್ತದೆ.

ಮರಳು ಸಿಕ್ಕರೆ ತೊಳೆದದ್ದು ಸಾಲದು, ಅಥವಾ ಬಯಲಲ್ಲಿ ಮುಚ್ಚದೆ ಒಣಗಿಸಿದ್ದೀರಿ. ಕಡಲೆ ಸೊಪ್ಪನ್ನು ತೊಳೆದರೆ ಹುಳಿ ಹೋಗುತ್ತದೆ ಎಂದು ತೊಳೆಯದೇ ಒಣಗಿಸುವ ರೂಢಿ ಇದೆ. ಹುಳಿ ಎಲೆಯ ಮೇಲ್ಮೈಯ ಸಣ್ಣ ರೋಮಗಳಲ್ಲೇ ಇರುವುದರಿಂದ ಆ ಮಾತು ನಿಜವೇ. ಆದರೆ ಕಾಯಿಕೊರಕಕ್ಕೆ ಔಷಧಿ ಹೊಡೆದ ಹೊಲದ ಸೊಪ್ಪಾದರೆ ತೊಳೆಯುವುದಲ್ಲ, ಕೊಯ್ಯುವುದೇ ತಪ್ಪು.

ದೋಷ: ಎಲ್ಲ ಸರಿ ಇದೆ, ಆದರೂ ಉಪಯೋಗ ಕಾಣುತ್ತಿಲ್ಲ

ಇದು ಅಡುಗೆಮನೆಯ ದೋಷ. ಒಣ ಸೊಪ್ಪನ್ನು ನೆನೆಸಿ ಆ ನೀರು ಚೆಲ್ಲಿದರೆ ಉಳಿಸಿಕೊಂಡ ಖನಿಜದಲ್ಲೂ ಒಂದು ಪಾಲು ಹೋಯಿತು. ಮೊದಲೇ ಶುಚಿಯಾಗಿ ತೊಳೆದು ಒಣಗಿಸಿದ್ದರೆ ನೆನೆಸಿದ ನೀರನ್ನೇ ಬೇಳೆಗೆ ಹಾಕಿ. ಪುಡಿಯನ್ನು ಒಲೆ ಆರಿಸುವ ಹೊತ್ತಿಗೆ ಬೆರೆಸಿ. ಎಣ್ಣೆ ಅಥವಾ ತುಪ್ಪದ ಒಗ್ಗರಣೆ ಇರಲಿ, ಕೊಬ್ಬಿಲ್ಲದೆ ಕ್ಯಾರೊಟಿನ್ ಮೈಗೆ ಹತ್ತುವುದಿಲ್ಲ. ಪ್ರಮಾಣವನ್ನೂ ನೋಡಿ. ಒಂದು ದೊಡ್ಡ ಚಮಚ, ಅಂದರೆ ಐದಾರು ಗ್ರಾಂ ನುಗ್ಗೆ ಪುಡಿ ಸುಮಾರು 20 ಗ್ರಾಂ ಹಸಿ ಎಲೆಗೆ ಸಮ. ಒಂದು ಹಿಡಿ ಪಲ್ಯದಷ್ಟೂ ಅಲ್ಲ. ಚಟ್ನಿಪುಡಿಯಲ್ಲಿ, ರೊಟ್ಟಿ ಹಿಟ್ಟಿನಲ್ಲಿ, ಬೇಳೆಯಲ್ಲಿ ಹೀಗೆ ಎರಡು ಮೂರು ಕಡೆ ಸೇರಿದರೆ ಲೆಕ್ಕಕ್ಕೆ ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸೊಪ್ಪಿನ ಪುಡಿ ಶುರುಮಾಡುವ ಮುಂಚೆ ಡಾಕ್ಟರನ್ನು ಕೇಳಬೇಕು. ಇದರಲ್ಲಿ ವಿಟಮಿನ್ ಕೆ ಜಾಸ್ತಿ, ಕೆಲವು ಮಾತ್ರೆಗಳ ಕೆಲಸಕ್ಕೆ ಅಡ್ಡ ಬರುತ್ತದೆ.

ಇನ್ನು ಕೆಲವು ಸೊಪ್ಪುಗಳ ದೋಷ ಹುಡುಕಿ ಪ್ರಯೋಜನವಿಲ್ಲ. ಬಸಳೆ ದಪ್ಪ ಎಲೆಯದು, ಲೋಳೆಯದು, 90%ಗಿಂತ ಜಾಸ್ತಿ ನೀರು. ಎಷ್ಟು ಜಾಗ್ರತೆ ಮಾಡಿದರೂ ಅಂಟಂಟಾಗಿ ಕಪ್ಪಾಗುತ್ತದೆ, ಒಂದು ಕೆ.ಜಿ.ಗೆ ಸಿಗುವುದೂ ಒಂದು ಹಿಡಿ. ಒಂದೆಲಗವೂ ನೀರಿನ ಪಸೆ ಇದ್ದ ಕಡೆ ವರ್ಷವಿಡೀ ಬೆಳೆಯುತ್ತದೆ. ಇವೆರಡನ್ನೂ ಕುಂಡದಲ್ಲಿ ಬೆಳೆಸಿ ಹಸಿಯಾಗಿ ತಿನ್ನಿ. ಡಬ್ಬಗಳನ್ನು ನುಗ್ಗೆ, ಮೆಂತ್ಯ, ಕರಿಬೇವು, ಕಡ್ಲಿ ಪಲ್ಲೆಗೆ ಬಿಡಿ.